ದೊರೆಸ್ವಾಮಿಗಳ ಹಳೆ ಪಂಚೆ

ಭಾನುಮತಿಗೆ ಡೈಪರ್ ಕಂಡರೆ ಆಗುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಹತ್ತು ಕಾರಣ ಕೊಡುತ್ತಿದ್ದಳು, ಅದರಲ್ಲಿ ಎಂಟು ಅಳಿಯ ವಾಗೀಶನ ಮೇಲಿನ ದೂರುಗಳೇ. ಮಗಳು ಲಹರಿಯ ಹೆರಿಗೆಗೆ ಇನ್ನೂ ಒಂದು ತಿಂಗಳಿರುವಾಗಲೇ ಅವನು ಹಿನಕಲ್ಲಿನ ತನ್ನ ಫ್ಲ್ಯಾಟಿನಿಂದ ಕೃಷ್ಣಮೂರ್ತಿಪುರಂನ ಅತ್ತೆಮನೆಗೆ ಡೈಪರಿನ ದೊಡ್ಡ ದೊಡ್ಡ ಪೊಟ್ಟಣಗಳನ್ನು ತಂದು ದೇವರಮನೆ ಪಕ್ಕದ ಗೂಡಿನಲ್ಲಿ ಒಟ್ಟಿದ್ದ. "ಮಗು ಬರೋಕೆ ಮುಂಚೆ ಅದರ ಕಸ ಬಂತು" ಎಂದು ಭಾನುಮತಿ ಅವನಿಗೆ ಕೇಳುವ ಹಾಗೆಯೇ ಗೊಣಗಿದ್ದಳು. ವಾಗೀಶ ನಕ್ಕಿದ್ದ. ಏನು ಅಂದರೂ ನಗುವ ಅಳಿಯ. ಅದೂ ಅವಳ ದೂರುಗಳಲ್ಲಿ ಒಂದು.

ಗಂಡುಮಗು ಹುಟ್ಟಿತು. ನಾಲ್ಕನೇ ದಿನ ಆಸ್ಪತ್ರೆಯಿಂದ ಮನೆಗೆ ಬಂತು. ಐದನೇ ದಿನ ಬೆಳಿಗ್ಗೆ ಡೈಪರ್ ಬಿಚ್ಚಿದರೆ ತೊಡೆಸಂದಿಯಿಂದ ಹಿಂಬದಿಯವರೆಗೂ ಚರ್ಮ ಕೆಂಪಗೆ ಎದ್ದಿತ್ತು, ಅಲ್ಲಲ್ಲಿ ಸಣ್ಣ ಸಣ್ಣ ಗುಳ್ಳೆ. ನೀರು ಸೋಕಿದರೆ ಸಾಕು ಮಗು ಮೈ ಸೆಟೆದುಕೊಂಡು ಕಿರುಚುತ್ತಿತ್ತು. ಲಹರಿ ಗಾಬರಿಯಾಗಿ ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರ್ ನಿಶ್ಚಿತಾ ಸಮಾಧಾನದಿಂದ ಎಲ್ಲ ಹೇಳಿದರು. ಎರಡು ಗಂಟೆಗೊಮ್ಮೆ ಬದಲಾಯಿಸಿ, ಕಕ್ಕ ಮಾಡಿದರೆ ಆ ಕ್ಷಣವೇ ಬದಲಾಯಿಸಿ, ಬರೀ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ, ಸೋಪು ಬೇಡ, ಜಿಂಕ್ ಇರುವ ಬಿಳಿ ಕ್ರೀಮು ದಪ್ಪಗೆ ಹಚ್ಚಿ. ಮೂರು ನಾಲ್ಕು ದಿನದಲ್ಲಿ ಹೋಗುತ್ತೆ, ಹೋಗದಿದ್ದರೆ ಕರಕೊಂಡು ಬನ್ನಿ.

"ನಾಲ್ಕು ದಿನವಂತೆ" ಎಂದಳು ಭಾನುಮತಿ. "ನಾಲ್ಕು ದಿನ ಈ ಕೂಸು ಹೀಗೆ ಅರಚಬೇಕಂತೆ. ಪ್ಲಾಸ್ಟಿಕ್ಕಲ್ಲಿ ಸುತ್ತಿಟ್ಟರೆ ಇನ್ನೇನಾಗತ್ತೆ."

ಒಂಬತ್ತು ಗಂಟೆಗೆ ಸರಿಯಾಗಿ ಮಂಚಮ್ಮ ಬಂದಳು. ಕುಂಬಾರಕೊಪ್ಪಲಿನಿಂದ ಬಸ್ಸು ಹತ್ತಿ ಬರುತ್ತಿದ್ದ ಮಂಚಮ್ಮ ಮೂವತ್ತು ವರ್ಷದಿಂದ ಊರಿನ ಎಳೆಗೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿದವಳು. ಕಾಲು ಚಾಚಿ ಕೂತು ಮೊಣಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡಳೆಂದರೆ ಎಂಥ ಮಗುವೂ ಸುಮ್ಮನಾಗುತ್ತಿತ್ತು. ಅವತ್ತು ಈ ಮಗು ಸುಮ್ಮನಾಗಲಿಲ್ಲ. ಮಂಚಮ್ಮ ಅದರ ಹಿಂಬದಿಯನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಉಜ್ಜಬ್ಯಾಡಿ ಕಣ್ರವ್ವ, ಮೆತ್ತಗೆ ಒತ್ತಿ ತೇವ ತಗೀರಿ. ಪೌಡ್ರು ಮಾತ್ರ ಆಕ್ಲೇಬ್ಯಾಡಿ, ಸಂದೀಲಿ ಕೂತ್ಕಂಡು ಗಾಯ ಮಾಡ್ತದೆ. ದಿನಕ್ಕೆ ಮೂರ್ನಾಕು ಸಲ ಏನೂ ಕಟ್ಟದೆ ಅಂಗೇ ಬುಟ್ಬುಡಿ, ಗಾಳಿ ಆಡ್ಲಿ. ತಾನಾಗೇ ವಾಸಿ ಆಯ್ತದೆ."

ತಾನಾಗೇ ವಾಸಿಯಾಗುವುದನ್ನು ಕಾಯುವ ವ್ಯವಧಾನ ಭಾನುಮತಿಗಿರಲಿಲ್ಲ. ಅವಳು ನೇರ ನಡುಮನೆಗೆ ಹೋಗಿ ಅತ್ತೆಯ ಕಾಲದ ಬೀಟೆಮರದ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಒಳಗೆ ಗಂಡ ದೊರೆಸ್ವಾಮಿಯವರ ಪಂಚೆಗಳಿದ್ದವು, ಹದಿನಾಲ್ಕು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಒಗೆದು ಒಗೆದು ಹಾಲಿನ ಕೆನೆಯಷ್ಟು ಮೆತ್ತಗಾದ ಬಟ್ಟೆ. ಯಾರಿಗೂ ಕೊಡಲು ಮನಸ್ಸು ಬಾರದೆ, ಪದರ ಪದರದ ನಡುವೆ ನುಸಿಗುಳಿಗೆ ಹಾಕಿ ಇಟ್ಟಿದ್ದಳು. ಗುಳಿಗೆಗಳು ಸವೆದು ಕಡಲೆಕಾಳಿನಷ್ಟಾಗಿದ್ದವು.

ಹೆಸರಿಡುವ ತನಕ ಮಗುವಿಗೆ ಹೊಸಬಟ್ಟೆ ತೊಡಿಸಬಾರದು, ಮನೆಯಲ್ಲಿ ತುಂಬು ಬಾಳು ಬಾಳಿದವರ ಹಳೆ ಬಟ್ಟೆಯನ್ನೇ ಉಡಿಸಬೇಕು ಎನ್ನುವುದು ಆ ಮನೆಯ ಪದ್ಧತಿ. ಅವರ ಆಯಸ್ಸು ಮಗುವಿಗೆ ಬರಲಿ ಎಂದು. ಅದಷ್ಟೇ ಅಲ್ಲ. ಮೊಮ್ಮಗುವನ್ನು ಒಂದು ಸಲ ಎತ್ತಿಕೊಳ್ಳಬೇಕು ಅಂತ ದೊರೆಸ್ವಾಮಿ ಕೊನೆಯ ಎರಡು ವರ್ಷ ಬಾಯಿಬಿಟ್ಟು ಹೇಳದೆ ಆಸೆಪಟ್ಟಿದ್ದರು. ಲಹರಿಗೆ ಎರಡು ಸಲ ಗರ್ಭ ನಿಂತಿರಲಿಲ್ಲ, ಆದ್ದರಿಂದ ಬಾಯಿಬಿಡುತ್ತಿರಲಿಲ್ಲ. ಈಗ ಅವರ ಪಂಚೆಯಲ್ಲಿ ಮಗುವನ್ನು ಸುತ್ತಿದರೆ ಅವರೇ ಎತ್ತಿಕೊಂಡ ಹಾಗಲ್ಲವೇ. ಭಾನುಮತಿ ಕಣ್ಣೊರೆಸಿಕೊಂಡು ಪಂಚೆಗಳನ್ನು ಒಂದೊಂದಾಗಿ ಹರಿದು ಲಂಗೋಟಿಗೆ ಚೌಕ ಮಾಡಿದಳು, ಹಾಸಲು ಹೊದೆಸಲು ಉದ್ದನೆಯ ತುಂಡು ಮಾಡಿದಳು.

ಮಂಚಮ್ಮ ಒಂದು ತುಂಡು ಎತ್ತಿ ಮೂಗಿಗೆ ಹಿಡಿದಳು. "ವಾಸ್ನೆ ಒಡೀತದೆ ಅಮ್ಮಾರೆ. ಬಿಸಿನೀರಲ್ಲಿ ಒಗ್ದು ಎರಡು ದಿನ ಬಿಸ್ಲಲ್ಲಿ ಒಣಾಕಿ. ಆಮೇಲೆ ಕಟ್ಟಿ."

"ಒಗೆದೇ ಇಟ್ಟಿರೋದು ಕಣೇ. ಎರಡು ದಿನ ಮಗು ಆ ಪ್ಲಾಸ್ಟಿಕ್ಕಲ್ಲೇ ಬೇಯಲಾ?"

ಮಂಚಮ್ಮ ತುಂಡನ್ನು ಮಡಚಿ ಕೆಳಗಿಟ್ಟಳು. ಭಾನುಮತಿ ತುಂಡುಗಳನ್ನು ಹಿತ್ತಲ ತಂತಿಯ ಮೇಲೆ ಅರ್ಧ ಗಂಟೆ ಹರವಿ ತಂದು, ಎಣ್ಣೆ ಹಚ್ಚಿ ನೀರು ಹಾಕಿದ ಮೈಗೆ ಕಟ್ಟಿದಳು. ಮಗು ನಿದ್ದೆ ಹೋಯಿತು.

ಏಳನೇ ದಿನಕ್ಕೆ ಕೆಂಪು ಅರ್ಧ ಇಳಿಯಿತು. ಎಂಟನೇ ದಿನಕ್ಕೆ ಗುಳ್ಳೆ ಪೂರಾ ಬತ್ತಿ ಚರ್ಮ ನುಣ್ಣಗಾಯಿತು. ಎರಡು ಗಂಟೆಗೊಮ್ಮೆ ಬಟ್ಟೆ ಬದಲಾಯಿಸಿದವಳು ಲಹರಿ, ಕ್ರೀಮು ಹಚ್ಚಿದವಳು ಲಹರಿ, ಬೆಳಗೂ ಸಂಜೆಯೂ ಬರಿಮೈಯಲ್ಲಿ ಮಲಗಿಸಿ ಗಾಳಿಯಾಡಿಸಿದವಳು ಮಂಚಮ್ಮ. ಹೆಸರು ಮಾತ್ರ ಪಂಚೆಗೆ ಬಂತು. "ನೋಡಿ ಅಳಿಯಂದ್ರೆ, ನಿಮ್ಮ ಆರು ಪೊಟ್ಟಣ ಮಾಡಿದ ಗಾಯಾನ ನಮ್ಮವರ ಒಂದು ಪಂಚೆ ವಾಸಿಮಾಡ್ತು" ಎಂದು ಭಾನುಮತಿ ಬೀಗಿದಳು. ವಾಗೀಶ ಎಂದಿನಂತೆ ನಕ್ಕ. ಅವಳಿಗೆ ಅವನ ಮೇಲೆ ಅಂದು ಪ್ರೀತಿಯೇ ಬಂತು, ಎರಡನೇ ಸಲ ಕಾಫಿ ಮಾಡಿಕೊಟ್ಟಳು.

ಮಗು ಅಳುವುದನ್ನೂ ಬಿಟ್ಟಿತ್ತು. ಹಾಲಿಗೆ ಎಬ್ಬಿಸಿದರೂ ಏಳುತ್ತಿರಲಿಲ್ಲ, ಎದ್ದರೆ ಎರಡು ಗುಟುಕು ಎಳೆದು ಮತ್ತೆ ನಿದ್ದೆಗೆ ಜಾರುತ್ತಿತ್ತು. ಉರಿ ಹೋದ ಮೇಲೆ ಹಾಯಾಗಿ ನಿದ್ದೆ ಮಾಡುತ್ತಿದೆ ಅಂದುಕೊಂಡರು. ಮುಖ ಸ್ವಲ್ಪ ಹಳದಿ ಕಂಡಾಗ ಭಾನುಮತಿ ಬೆಳಗಿನ ಎಳೆಬಿಸಿಲಿಗೆ ಹಿಡಿದಳು.

ಒಂಬತ್ತನೇ ದಿನ ಬೆಳಿಗ್ಗೆ ಲಂಗೋಟಿ ಬಿಚ್ಚಿದ ಮಂಚಮ್ಮ ಮಗುವನ್ನು ನೋಡಲಿಲ್ಲ, ಬಟ್ಟೆಯನ್ನೇ ನೋಡುತ್ತಾ ಕೂತಳು. ಬಿಳಿ ಪಂಚೆಯ ಮೇಲೆ ಉಚ್ಚೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ಮೂಡಿತ್ತು. ಅವಳು ಮಗುವಿನ ಅಂಗಾಲನ್ನು ಬೆರಳಲ್ಲಿ ಒತ್ತಿದಳು. ಅಂಗಾಲೂ ಹಳದಿ.

"ಲಹರವ್ವ, ನೀರು ಆಮೇಲೆ ಆಕುವ. ಈಗ್ಲೇ ಆಸ್ಪತ್ರೆಗೆ ಎತ್ಕಂಡೋಗಿ" ಎಂದಳು.

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ತೆಗೆದುಕೊಂಡು ಹೋಗಿ ನೀಲಿ ದೀಪದ ಕೆಳಗೆ ಮಲಗಿಸಿದರು, ಕಣ್ಣಿಗೆ ಪಟ್ಟಿ ಕಟ್ಟಿದರು, ಹಿಮ್ಮಡಿಯಿಂದ ರಕ್ತ ತೆಗೆದರು. ಕಾಮಾಲೆ ತೀರ ಏರಿದೆ, ಯಾಕೆ ಏರಿತು ಗೊತ್ತಾಗಬೇಕು ಎಂದರು. ಅಂದು ಮೊದಲ ಸಲ ವಾಗೀಶ ನಗಲಿಲ್ಲ. "ಆ ಮಂಚಮ್ಮ ಅದೇನೇನು ಬೇರು ಹಾಕಿ ಎಣ್ಣೆ ಕಾಯಿಸ್ತಾಳೋ" ಎಂದು ಡಾಕ್ಟರೆದುರೇ ಅಂದ. ಅಲ್ಲಿಂದಲೇ ಫೋನು ಮಾಡಿ ಇನ್ನು ಬರಬೇಡ ಎಂದುಬಿಟ್ಟ. ಭಾನುಮತಿ ಪಕ್ಕದಲ್ಲೇ ನಿಂತಿದ್ದಳು. ಅವನು ಫೋನು ಜೇಬಿಗೆ ಹಾಕಿಕೊಂಡು ರಕ್ತದ ಚೀಟಿ ಹಿಡಿದು ಓಡಿದ. ಲಹರಿ ಹಾಲು ಹಿಂಡಿ ಕೊಡಲು ಒಳಗಿನ ಕೋಣೆಗೆ ಹೋಗಿದ್ದಳು.

ಹತ್ತು ಗಂಟೆ ಇರಬಹುದು. ಡಾಕ್ಟರ್ ನಿಶ್ಚಿತಾ ಭಾನುಮತಿಯ ಹತ್ತಿರ ಬಂದು ಒಂದೊಂದೇ ಕೇಳಿದರು. ಮನೆಮದ್ದು ಏನಾದರೂ ಕೊಟ್ಟಿದ್ದೀರಾ, ಕಣ್ಣಿಗೆ ಏನಾದರೂ ಹಾಕಿದಿರಾ, ಬಾಣಂತಿ ಯಾವುದಾದರೂ ಮಾತ್ರೆ ನುಂಗಿದ್ದಾಳಾ. ಎಲ್ಲಕ್ಕೂ ಇಲ್ಲ ಎಂದಳು. ಅದು ನಿಜವೇ ಆಗಿತ್ತು.

"ಮಗುವಿನ ಬಟ್ಟೆ? ನುಸಿಗುಳಿಗೆ ಹಾಕಿಟ್ಟಿದ್ದ ಬಟ್ಟೆ ಏನಾದ್ರೂ ಉಪಯೋಗಿಸಿದ್ರಾ ಅಮ್ಮ?"

ಭಾನುಮತಿ ಕೈಚೀಲವನ್ನು ಕಂಕುಳಿಗೆ ಒತ್ತಿಕೊಂಡಳು. ಕೇಳಿದ ರೀತಿಯಲ್ಲೇ ಅವಳಿಗೆ ಅರ್ಥವಾಗಿಹೋಯಿತು. ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದಳೇ? ಇಲ್ಲ. ಹದಿನಾಲ್ಕು ಪಂಚೆ, ಹಿಂದಿನ ದಿನ ತಾನು ಬೀಗಿದ್ದು, ಅಳಿಯನ ನಗು, ಎಲ್ಲ ಒಟ್ಟಿಗೆ ಬಂದು ಅಡ್ಡ ನಿಂತವು. ಅವರ ಬಟ್ಟೆಯಿಂದ ಕೇಡು ಆಗಲು ಸಾಧ್ಯವೇ ಇಲ್ಲ ಎಂದು ಒಂದು ಹಟ ಬೇರೆ.

"ಇಲ್ಲ" ಎಂದಳು.

ಡಾಕ್ಟರು ತಲೆಯಾಡಿಸಿ ಹೋದರು. ಸ್ವಲ್ಪ ಹೊತ್ತಿಗೆ ನರ್ಸ್ ಹೊರಗೆ ಬಂದು ಮಗುವಿಗೆ ಕಟ್ಟಲು, ಕೆಳಗೆ ಹಾಸಲು ಒಣಬಟ್ಟೆ ಕೇಳಿದಳು. ಭಾನುಮತಿಯ ಕೈಚೀಲದ ತುಂಬ ಅದೇ ಪಂಚೆಯ ತುಂಡುಗಳು. ಇಲ್ಲ ಎಂದಾದ ಮೇಲೆ ಕೊಡದೆ ಇರುವುದು ಹೇಗೆ? ಕೊಟ್ಟಳು. ಹನ್ನೆರಡಕ್ಕೆ ಮತ್ತೊಂದು ಕೇಳಿದಳು, ಕೊಟ್ಟಳು. ಎರಡಕ್ಕೆ ಇನ್ನೊಂದು. ಕೋಣೆಯ ಬಾಗಿಲಿನ ಗಾಜಿನಿಂದ ಒಳಗೆ ನೋಡಿದರೆ ಮಗು ನೀಲಿ ಬೆಳಕಿನಲ್ಲಿ ತಾತನ ಪಂಚೆಯ ಮೇಲೆ ಅಲುಗಾಡದೆ ಮಲಗಿತ್ತು. ಅವಳು ನೋಡುವುದನ್ನು ನಿಲ್ಲಿಸಿ ಬೆಂಚಿನ ಮೇಲೆ ಕೂತು ವಿಷ್ಣುಸಹಸ್ರನಾಮ ಹೇಳಿಕೊಳ್ಳಲು ಹೊರಟಳು. ಚಿಕ್ಕಂದಿನಿಂದ ಬಾಯಿಪಾಠವಾದದ್ದು ನಾಲ್ಕನೇ ಸಾಲಿನಿಂದ ಮುಂದೆ ಹೋಗಲಿಲ್ಲ.

ನಾಲ್ಕು ಗಂಟೆಗೆ ಡಾಕ್ಟರ್ ಮೂವರನ್ನೂ ಕರೆದರು. ಮಗುವಿನ ರಕ್ತದಲ್ಲಿ ಒಂದು ಅಂಶ ಹುಟ್ಟಿನಿಂದಲೇ ಕಡಿಮೆ ಇದೆ ಎಂದರು. ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವಂಥದ್ದು. ಸುಮ್ಮನಿದ್ದರೆ ಏನೂ ತೊಂದರೆ ಮಾಡದು, ಕೆಲವು ವಸ್ತು ತಾಗಿದರೆ ಮಾತ್ರ ರಕ್ತ ಒಡೆದುಹೋಗುತ್ತದೆ. ಉದಾಹರಣೆಗೆ ನುಸಿಗುಳಿಗೆ, ಅದರ ವಾಸನೆಯೇ ಸಾಕು, ಎಣ್ಣೆ ಹಚ್ಚಿದ ಎಳೆ ಚರ್ಮ ಅದನ್ನು ಇನ್ನೂ ಬೇಗ ಹೀರುತ್ತೆ.

"ಲಹರಿ, ನಿಮ್ಮ ಮನೇಲಿ ಗಂಡುಮಗು ಯಾವುದಾದ್ರೂ ಹುಟ್ಟಿದ ಸ್ವಲ್ಪ ದಿನಕ್ಕೇ ಹೀಗೆ ಹಳದಿಯಾಗಿ ಹೋಗಿದ್ದುಂಟಾ?"

"ಇಲ್ಲ ಡಾಕ್ಟರ್. ನನಗೆ ಅಣ್ಣ ತಮ್ಮ ಯಾರೂ ಇಲ್ಲ."

"ಇದ್ದ" ಎಂದಳು ಭಾನುಮತಿ.

ಲಹರಿ ತಿರುಗಿ ಅಮ್ಮನ ಮುಖ ನೋಡಿದಳು.

ಮೂವತ್ತೇಳು ವರ್ಷದ ಹಿಂದಿನ ಮಾತು. ಲಹರಿಗಿಂತ ಮುಂಚೆ ಒಂದು ಗಂಡು ಹುಟ್ಟಿತ್ತು. ತವರಿನಲ್ಲಿ ಬಾಣಂತನ ಮಾಡುವವರು ಯಾರೂ ಇಲ್ಲದೆ ಹೆರಿಗೆ ಇದೇ ಮನೆಯಲ್ಲಿ ಆಗಿತ್ತು. ಮಗುವಿಗೆ ಆಗಲೂ ಸಂದಿಯೆಲ್ಲ ಕೆಂಪಾಗಿತ್ತು, ಒರಟು ಬಟ್ಟೆ ತಾಗಿ. ಅತ್ತೆ ಅದೇ ಬೀಟೆ ಪೆಟ್ಟಿಗೆ ತೆಗೆದು ಮಾವನ ಹಳೆ ಪಂಚೆ ಹರಿದು ಉಡಿಸಿದ್ದರು. ಆ ವಾಸನೆ, ಆ ಬಿಳಿ ಗುಳಿಗೆಗಳು ನೆಲದ ಮೇಲೆ ಉರುಳಿದ್ದು, ಎಲ್ಲ ಭಾನುಮತಿಗೆ ಈಗ ಕಣ್ಣೆದುರು ಬಂತು. ಒಂಬತ್ತನೇ ದಿನ ಮಗು ಹೋಯಿತು, ಅರಿಶಿನ ಬಳಿದ ಹಾಗೆ ಹಳದಿಯಾಗಿ. ಬಾಣಂತಿ ಪಥ್ಯ ಕೆಡಿಸಿದಳು, ಕದ್ದು ತಣ್ಣೀರು ಕುಡಿದಳು, ಹಾಲು ಕೆಟ್ಟಿತು ಎಂದು ಮನೆ ತುಂಬ ಮಾತಾಯಿತು. ಅವಳು ಒಂದು ಲೋಟ ತಣ್ಣೀರು ಕುಡಿದದ್ದು ನಿಜ. ಆ ಒಂದು ಲೋಟ ನೀರನ್ನು ಮೂವತ್ತೇಳು ವರ್ಷ ಹೊತ್ತಿದ್ದಳು. ದೊರೆಸ್ವಾಮಿಯೂ ಆ ಮಗುವಿನ ಮಾತನ್ನು ಒಂದು ದಿನ ಎತ್ತಲಿಲ್ಲ, ಮಗಳಿಗೆ ಹೇಳಲೂ ಇಲ್ಲ.

ತಾನು ಕೊಂದಿರಲಿಲ್ಲ. ಅದು ಗೊತ್ತಾದ ಗಳಿಗೆಯಲ್ಲೇ ಈ ಮಗುವಿಗೆ ತಾನೇನು ಮಾಡಿದೆ ಎನ್ನುವುದೂ ಗೊತ್ತಾಯಿತು. ಅವಳು ಕೈಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಇದೇ ಬಟ್ಟೆ. ಎರಡು ವರ್ಷ ಗುಳಿಗೆ ಹಾಕಿಟ್ಟಿದ್ದೆ. ಐದನೇ ದಿನದಿಂದ ಇದನ್ನೇ ಉಡಿಸಿದೀನಿ. ಈಗ ಒಳಗೆ ಇರೋದೂ ಇದೇ."

ಡಾಕ್ಟರ್ ಅವಳನ್ನು ಒಂದು ಕ್ಷಣ ನೋಡಿದರು. ಬೆಳಿಗ್ಗೆಯ ಮಾತನ್ನು ಎತ್ತಲಿಲ್ಲ. ಎದ್ದು ಓಡುತ್ತಲೇ ಒಳಗೆ ಹೋದರು.

ಮಗುವಿನ ಮೈಯ ರಕ್ತವನ್ನೆಲ್ಲ ಸ್ವಲ್ಪ ಸ್ವಲ್ಪವಾಗಿ ತೆಗೆದು ಬೇರೆ ರಕ್ತ ತುಂಬಿದರು. ಜೀವ ಉಳಿಯಿತು. ಹೊರಗೆ ಬೆಂಚಿನ ಮೇಲೆ ಲಹರಿ ಅಮ್ಮನನ್ನು ತಬ್ಬಿಕೊಂಡು ಅತ್ತಳು. "ಗೊತ್ತಿದ್ದು ಮಾಡಿದ್ದಲ್ವಲ್ಲಮ್ಮ. ಅಣ್ಣನ ವಿಷಯ ಒಂದು ದಿನವೂ ಹೇಳಲಿಲ್ಲ ನೀನು. ಏನು ಹೆಸರಿಟ್ಟಿದ್ರಿ?"

"ಹೆಸರಿಡೋ ತನಕ ಇರಲಿಲ್ಲ."

ಲಹರಿ ಇನ್ನೂ ಜೋರಾಗಿ ಅತ್ತಳು. ಭಾನುಮತಿ ಮಗಳ ಬೆನ್ನು ಸವರುತ್ತಾ ಕೂತಳು. ಹತ್ತು ಗಂಟೆಯ ಆ ಒಂದು 'ಇಲ್ಲ' ನಾಲಿಗೆಯ ತುದಿಯಲ್ಲಿತ್ತು, ಹೊರಗೆ ಬರಲಿಲ್ಲ. ಕ್ಷಮೆ ಸಿಗುತ್ತಿತ್ತು, ಅವಳು ಅದನ್ನು ತೆಗೆದುಕೊಂಡುಬಿಟ್ಟಳು.

ಮಗುವನ್ನು ಮನೆಗೆ ಕಳಿಸುವ ದಿನ ಅವಳು ಡಾಕ್ಟರನ್ನು ಒಂಟಿಯಾಗಿ ಹಿಡಿದು ಕೇಳಿದಳು. "ನಾನು ಬೆಳಿಗ್ಗೆಯೇ ಹೇಳಿದ್ದಿದ್ರೆ?"

"ಅದನ್ನ ಯಾರೂ ಹೇಳಕ್ಕಾಗಲ್ಲ ಅಮ್ಮ. ಹಳದಿ ತಲೆಗೆ ಏರಿದ್ರೆ ಕೆಲವು ಮಕ್ಕಳಿಗೆ ಕಿವಿಗೆ ಪೆಟ್ಟಾಗುತ್ತೆ. ಮೂರು ತಿಂಗಳಿಗೆ ಕಿವಿ ಪರೀಕ್ಷೆ ಮಾಡಿಸಿ." ಹೊರಡುತ್ತಾ ಸೇರಿಸಿದರು, "ಆ ಕೆಂಪು ತಾನಾಗೇ ಹೋಗ್ತಿತ್ತು."

ಮಂಚಮ್ಮನನ್ನು ಕರೆಯಲು ಭಾನುಮತಿ ತಾನೇ ಕುಂಬಾರಕೊಪ್ಪಲಿಗೆ ಹೋದಳು. ತಪ್ಪು ನನ್ನದು ಎಂದಳು. ಮಂಚಮ್ಮ ಚಾಪೆ ಹಾಸಿ ಕೂರಿಸಿದಳು, ಎಲ್ಲ ಕೇಳಿದಳು.

"ಮಗೀಗೆ ನೀರು ಆಕಕ್ಕೆ ಬತ್ತೀನಿ ಅಮ್ಮಾರೆ. ಮಗು ಏನು ಮಾಡ್ತು ಪಾಪ. ನಿಮ್ಮನೇಲಿ ಕಾಪಿ ಮಾತ್ರ ಕುಡಿಯಾಕಿಲ್ಲ" ಎಂದಳು. ಹೇಳಿದಂತೆಯೇ ಬಂದಳು, ನೀರು ಹಾಕಿದಳು, ಇಟ್ಟ ಕಾಫಿ ದಿನಾ ಆರಿತು.

ಎರಡನೇ ತಿಂಗಳಲ್ಲಿ ಹೆಸರಿಟ್ಟರು. ಹರಿವಾಣದ ಅಕ್ಕಿಯ ಮೇಲೆ ವಾಗೀಶ ಉಂಗುರದಿಂದ ಸ್ವರೂಪ್ ಎಂದು ಬರೆದ. ಅವನು ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದ, ಲಹರಿ ಹೇಳಿದಳು, ಆಮೇಲೆ ಅಜ್ಜಿಯ ಸರದಿ. ಭಾನುಮತಿ ಬಗ್ಗಿ ಹೆಸರು ಹೇಳಿದಳು. ಮಗು ಎಚ್ಚರವಾಗಿಯೇ ಇತ್ತು, ಜಂತೆಯ ಕಡೆ ನೋಡುತ್ತಿತ್ತು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಯಾರೋ ಸ್ಟೀಲ್ ತಟ್ಟೆಗಳ ಅಟ್ಟಿ ಬೀಳಿಸಿದರು. ಬಂದವರೆಲ್ಲ ಬೆಚ್ಚಿದರು. ಮಗು ರೆಪ್ಪೆ ಹೊಡೆಯಲಿಲ್ಲ. "ಧೈರ್ಯವಂತ ಕಣ್ರೀ" ಎಂದು ಯಾರೋ ನಕ್ಕರು. ಭಾನುಮತಿ ಮತ್ತೊಂದು ಸಲ ಬಗ್ಗಿ, ಯಾರಿಗೂ ಕಾಣದ ಹಾಗೆ, ಆ ಸಣ್ಣ ಕಿವಿಗೆ ಬಾಯಿಟ್ಟು ಹೆಸರನ್ನು ಗಟ್ಟಿಯಾಗಿ ಹೇಳಿದಳು. ಮಗು ಜಂತೆಯನ್ನೇ ನೋಡುತ್ತಿತ್ತು.

ಮೂರನೇ ತಿಂಗಳ ಪರೀಕ್ಷೆಯಲ್ಲಿ ಅದೇ ಬಂತು. ಎರಡೂ ಕಿವಿ ಕೇಳುವುದಿಲ್ಲ. ಮುಂದೆ ಮಾಡಬೇಕಾದದ್ದನ್ನು ಅಲ್ಲಿಯವರು ಒಳ್ಳೆಯ ಮಾತಿನಲ್ಲಿ ವಿವರಿಸಿದರು. ಮಧ್ಯಾಹ್ನ ಮನೆಗೆ ಬಂದು ಲಹರಿ ಮಗುವನ್ನು ಅಮ್ಮನ ತೊಡೆಯ ಮೇಲೆ ಮಲಗಿಸಿ ಎದುರಿಗೆ ನೆಲದ ಮೇಲೆ ಕೂತಳು. ಅಳು ಮುಗಿದು ಮುಖ ಬಾಡಿತ್ತು.

"ನೀನು ತಕ್ಷಣ ಹೇಳಿದ್ದಕ್ಕೆ ಇಷ್ಟಾದ್ರೂ ಉಳೀತಮ್ಮ" ಎಂದಳು. "ಇನ್ನೊಂದು ಸ್ವಲ್ಪ ತಡವಾಗಿದ್ರೆ ಜೀವವೇ ಇರ್ತಿರಲಿಲ್ಲ."

ಭಾನುಮತಿ ಮಗುವಿನ ಮುಖ ನೋಡಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಡಾಕ್ಟರು ಹೇಳುವವರಲ್ಲ. ಸುಮ್ಮನಿದ್ದೇ ಈ ಮನೆಯಲ್ಲಿ ಮೂವತ್ತೇಳು ವರ್ಷ ಒಂದು ಮಗು ಹೆಸರೂ ಇಲ್ಲದೆ ಹೋಗಿತ್ತು.

"ತಕ್ಷಣ ಹೇಳಲಿಲ್ಲ ಕಣೇ" ಎಂದಳು. "ಬೆಳಿಗ್ಗೆಯೇ ಡಾಕ್ಟರು ನುಸಿಗುಳಿಗೆ ಅಂತ ಬಾಯಿಬಿಟ್ಟು ಕೇಳಿದ್ರು. ಇಲ್ಲ ಅಂದೆ. ಆಮೇಲೂ ಬಟ್ಟೆ ಕೊಟ್ಟೆ. ಮೂರು ಸಲ ಕೊಟ್ಟೆ."

ಲಹರಿ ತಲೆ ಎತ್ತಿದಳು. "ಎಷ್ಟು ಹೊತ್ತಿಗೆ ಕೇಳಿದ್ರು?"

"ಹತ್ತು ಗಂಟೆಗೆ."

"ನೀನು ಹೇಳಿದ್ದು ನಾಲ್ಕಕ್ಕೆ."

"ಹೂಂ."

ಲಹರಿ ಎದ್ದು ಬಂದು, ಮಗುವಿನ ಕುತ್ತಿಗೆಯ ಕೆಳಗೆ ಒಂದು ಕೈ, ಬೆನ್ನ ಕೆಳಗೆ ಒಂದು ಕೈ ಕೊಟ್ಟು, ಅಮ್ಮ ಕಲಿಸಿದ ಹಾಗೆಯೇ ಜೋಪಾನವಾಗಿ ಎತ್ತಿಕೊಂಡಳು. ಕಿತ್ತುಕೊಳ್ಳಲಿಲ್ಲ. ಬೈಯಲಿಲ್ಲ. ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಒಳಗೆ ಅವಳು ವಾಗೀಶನಿಗೆ ಫೋನು ಮಾಡಿ, ಕಾರು ತಗೊಂಡು ಬನ್ನಿ, ಇವತ್ತೇ ನಮ್ಮ ಮನೆಗೆ ಹೋಗೋಣ ಎನ್ನುವುದು ಕೇಳಿಸಿತು.

ಭಾನುಮತಿಯ ತೊಡೆ ಬೆಚ್ಚಗೆ ಒದ್ದೆಯಾಗಿತ್ತು. ಮಗು ಆಗಷ್ಟೇ ಉಚ್ಚೆ ಹೊಯ್ದಿತ್ತು. ಅವಳು ಸೀರೆ ಬದಲಾಯಿಸಲು ಏಳಲಿಲ್ಲ, ಅದು ಒಣಗುವ ತನಕ ಅಲ್ಲೇ ಕೂತಿದ್ದಳು.